ನಡುಹಗಲನ್ನು ನೆಂಟರ ಮನೆಯಲ್ಲಿ ಕಳೆಯಿರಿ

ಮಕ್ಕಳ ಪರೀಕ್ಷೆ ಮುಗಿದು ಯುಗಾದಿಯ ಬೇವುಬೆಲ್ಲ ತಿಂದಾಗುತ್ತಲೇ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ವಿಜಯಪುರ ಜಿಲ್ಲೆಯ ಕುಟುಂಬಗಳಿಗಂತೂ ಇದು ಊರಿಗೆ ಬರುವ ಕಾಲ. ಕಾರು ಇದ್ದವರು ಕಾರಿನಲ್ಲಿ, ಇಲ್ಲದವರು ಎರಡು ಮೂರು ಮನೆಯವರು ಸೇರಿ ಬಾಡಿಗೆ ಗಾಡಿಯಲ್ಲಿ ಹೊರಡುತ್ತಾರೆ. ಹೇಗೂ ಇಷ್ಟು ದೂರ ಬಂದಿದ್ದೇವೆಂದು ಗೋಳಗುಮ್ಮಟ, ಬಸವನಬಾಗೇವಾಡಿ, ಆಲಮಟ್ಟಿ, ಕೂಡಲಸಂಗಮ ಎಲ್ಲವನ್ನೂ ಎರಡು ದಿನಗಳಲ್ಲಿ ನೋಡಿ ಮುಗಿಸುವ ಯೋಜನೆ ಸಿದ್ಧವಾಗುತ್ತದೆ. ವಿಜಯಪುರದಿಂದ ಸೋಲಾಪುರದ ದಾರಿಯಲ್ಲಿ ಸಿಗುವ ಹೊರ್ತಿಯಲ್ಲಿ ಸೋದರಮಾವನ ಮನೆ ಇದ್ದರೆ, ಅಲ್ಲಿಗೆ ಕೊನೆಯ ದಿನ ಸಂಜೆ ಅರ್ಧ ಗಂಟೆ. ಒಂದು ಕಪ್ಪು ಚಹಾ ಕುಡಿದು, ಅಂಗಳದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ರಾತ್ರಿಯೇ ವಾಪಸು.

ಈ ಯೋಜನೆಯಲ್ಲಿ ನೋಡುವ ಸ್ಥಳಗಳಿಗೆ ನಡುಹಗಲು, ನೆಂಟರಿಗೆ ಉಳಿದ ಪಳಿದ ಹೊತ್ತು. ಆರೋಗ್ಯದ ದೃಷ್ಟಿಯಿಂದ ಇದು ಪೂರ್ತಿ ತಿರುವುಮುರುವಾಗಬೇಕು ಎಂಬುದು ಈ ವಾರದ ನನ್ನ ವಾದ. ನೆಂಟರ ಮನೆಗೆ ಹೋಗುವುದು ಪ್ರವಾಸದ ನಡುವೆ ಮಾಡುವ ತ್ಯಾಗವೆಂದು ನಮ್ಮ ಹುಡುಗರು ತಿಳಿದಿದ್ದಾರೆ. ಮಾರ್ಚ್‌ ಕೊನೆಯಿಂದ ಮೇ ಮುಗಿಯುವವರೆಗೆ ಈ ಭಾಗದಲ್ಲಿ ಸಂಚರಿಸುವ ಕುಟುಂಬವನ್ನು ಕಾಪಾಡಬಲ್ಲ ಜಾಗ ಅದೇ.

ಈ ಸೀಮೆಯ ಬಿಸಿಲಿನ ಹೊತ್ತನ್ನು ತಿಳಿಯಲು ಉಷ್ಣಮಾಪಕವೇ ಬೇಕಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್‌, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಇದೆ. ಗುಮಾಸ್ತರನ್ನು ಮನೆಗೆ ಕಳುಹಿಸುವ ಹೊತ್ತಿಗೆ ನಾವು ಎಪ್ಪತ್ತು ವರ್ಷದ ಅಜ್ಜಿಯನ್ನೂ ಮೂರು ವರ್ಷದ ಮಗುವನ್ನೂ ಗೋಳಗುಮ್ಮಟದ ಮುಂದಿನ ಬಯಲಿನಲ್ಲಿ ನಡೆಸುತ್ತಿರುತ್ತೇವೆ! ಹಿಂದೆ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದವರು ಬೆಳ್ಳಿ ಮೂಡುವ ಮೊದಲೇ ಹೊರಟು, ಹೊತ್ತು ಏರುತ್ತಲೇ ಬೇವಿನ ಮರದ ಕೆಳಗೆ ನೊಗ ಇಳಿಸಿ, ಬಿಸಿಲು ತಗ್ಗಿದ ಮೇಲೆ ಮತ್ತೆ ಬಂಡಿ ಹೂಡುತ್ತಿದ್ದರು. ಎತ್ತು ಬಳಲಬಾರದೆಂಬ ಕಾಳಜಿಯಿಂದ ಮನುಷ್ಯರಿಗೂ ವಿಶ್ರಾಂತಿ ಸಿಗುತ್ತಿತ್ತು. ಕಾರು ಬಳಲುವುದಿಲ್ಲವಾದ್ದರಿಂದ ಆ ರೂಢಿ ತಪ್ಪಿತು.

ಬೆಂಗಳೂರಿನಿಂದ ಬಂದವರಿಗೆ ಇನ್ನೊಂದು ತೊಡಕಿದೆ. ದೇಹ ಹೊಸ ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಷ್ಟರೊಳಗೆ ಬೆವರು ಬೇಗ ಬರುವುದನ್ನೂ, ಅದರಲ್ಲಿ ಉಪ್ಪು ಕಡಿಮೆ ಹೋಗುವಂತೆ ಮಾಡುವುದನ್ನೂ ದೇಹ ಕಲಿಯುತ್ತದೆ. ಹೊರ್ತಿಯ ನಿಮ್ಮ ಮಾವ ಬಿಸಿಲಿನಲ್ಲಿ ಹೊಲಕ್ಕೆ ಹೋಗಿ ಬರುತ್ತಾರೆಂದು ನಿಮ್ಮ ಮಗನೂ ಹೋಗಿ ಬರಲಾರ. ನಾಲ್ಕು ದಿನದ ರಜೆಯಲ್ಲಿ ಅವನ ದೇಹ ಕಲಿಯುವುದರೊಳಗೆ ರಜೆಯೇ ಮುಗಿದಿರುತ್ತದೆ. ಅಲ್ಲದೆ ಇಲ್ಲಿಯದು ಒಣ ಬಿಸಿಲು. ಮಂಗಳೂರಿನಲ್ಲಿ ಬೆವರು ಅಂಗಿಯನ್ನು ತೋಯಿಸುತ್ತದೆ, ಕಣ್ಣಿಗೆ ಕಾಣುತ್ತದೆ. ವಿಜಯಪುರದ ಗಾಳಿಯಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ. ಮೈ ಒಣಗಿದ್ದರಿಂದ ನೀರು ಹೋಗಿಲ್ಲವೆಂದು ತಿಳಿಯುತ್ತೇವೆ. ತುಟಿ ಒಡೆದು ತಲೆ ಸಿಡಿಯತೊಡಗಿದಾಗಲೇ ನಷ್ಟ ಗೊತ್ತಾಗುವುದು.

<b>ಬಾಟಲಿ ಮುಟ್ಟದವರು</b>

ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯಿರಿ ಎಂಬ ಮಾತನ್ನು ಎಲ್ಲ ಪತ್ರಿಕೆಗಳೂ ಪ್ರತಿ ವರ್ಷ ಬರೆಯುತ್ತವೆ. ಗಾಡಿಯಲ್ಲಿ ನೀರಿನ ಬಾಟಲಿಗಳೂ ಇರುತ್ತವೆ. ಆದರೆ ಒಮ್ಮೆ ಗಮನಿಸಿ ನೋಡಿ. ಮುಂದಿನ ಸೀಟಿನ ಗಂಡಸರು ಕುಡಿಯುತ್ತಾರೆ, ಮಕ್ಕಳು ಆಟಕ್ಕೆಂದಾದರೂ ಕುಡಿಯುತ್ತವೆ. ಹಿಂದೆ ಕುಳಿತ ಅತ್ತೆ, ಸೊಸೆ, ಹದಿನಾಲ್ಕರ ಹುಡುಗಿ ತುಟಿ ಒದ್ದೆ ಮಾಡಿಕೊಂಡು ಬಾಟಲಿಯನ್ನು ಮುಂದಕ್ಕೆ ದಾಟಿಸುತ್ತಾರೆ. ಕೇಳಿದರೆ, ‘ನನಗೇನೂ ನೀರಡಿಕೆ ಇಲ್ಲ’ ಎನ್ನುತ್ತಾರೆ. ನೀರಡಿಕೆ ಇಲ್ಲದ್ದಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಜಾಗವಿಲ್ಲ. ಇದ್ದರೂ ಅದರ ಸ್ಥಿತಿ ಹೇಳುವಂತಿಲ್ಲ. ಗಾಡಿ ನಿಲ್ಲಿಸಲು ಕೇಳಿದರೆ ‘ಈಗತಾನೇ ನಿಲ್ಲಿಸಿದ್ದೆವಲ್ಲ’ ಎಂಬ ಮಾತು ಕೇಳಬೇಕು. ಗಂಡಸರಿಗೆ ದಾರಿಬದಿಯ ಜಾಲಿಮರವೂ ಸಾಕು. ಹೆಂಗಸರ ಈ ಉಪವಾಸವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆರೇಳು ಗಂಟೆ ಹೀಗೆ ಕಳೆದರೆ ಮೂತ್ರ ಗಟ್ಟಿಯಾಗಿ, ಉರಿ ಆರಂಭವಾಗುತ್ತದೆ. ಹೆಂಗಸರ ಮೂತ್ರನಾಳ ಗಿಡ್ಡ. ಆದ್ದರಿಂದ ಹೊರಗಿನ ರೋಗಾಣುಗಳು ಮೂತ್ರಕೋಶವನ್ನು ತಲುಪುವುದು ಸುಲಭ. ಅವನ್ನು ಆಗಾಗ ತೊಳೆದು ಹಾಕುವ ಕೆಲಸವನ್ನು ಮೂತ್ರವೇ ಮಾಡಬೇಕು. ಅದನ್ನು ಕಟ್ಟಿಹಾಕಿದಾಗ ರೋಗಾಣುಗಳಿಗೆ ಬೆಳೆಯಲು ಸಮಯ ಸಿಗುತ್ತದೆ. ಪ್ರವಾಸದಿಂದ ಮರಳಿದ ಮೂರನೆಯ ದಿನ ಚಳಿಜ್ವರ, ಸೊಂಟನೋವು, ಉರಿಮೂತ್ರ ಎಂದು ದವಾಖಾನೆಗೆ ಬರುವವರು ‘ಹೊರಗಿನ ಊಟ ಆಗಿಬರಲಿಲ್ಲ’ ಎನ್ನುತ್ತಾರೆ. ಊಟದ ತಪ್ಪೇನೂ ಇರುವುದಿಲ್ಲ. ಬಸುರಿಯರಲ್ಲಿ ಈ ಸೋಂಕು ಮೂತ್ರಪಿಂಡಕ್ಕೆ ಏರಿದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚುತ್ತದೆ. ಮೂತ್ರದಲ್ಲಿ ಹರಳಾಗುವ ಪ್ರಕೃತಿಯವರಿಗೆ ಇಂಥ ಒಂದು ವಾರದ ಪ್ರಯಾಣ ಸಾಕು.

ವಯಸ್ಸಾದವರಲ್ಲಿ ನೀರಡಿಕೆಯ ಸೂಚನೆಯೇ ಮಂದ. ದೇಹಕ್ಕೆ ನೀರು ಬೇಕಾಗಿರುವುದು ಅವರಿಗೆ ತಡವಾಗಿ ತಿಳಿಯುತ್ತದೆ. ಇದರ ಜೊತೆಗೆ ಒಂದು ಗುಟ್ಟಿನ ಕೆಲಸವನ್ನೂ ಹಲವರು ಮಾಡುತ್ತಾರೆ. ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು, ಪ್ರಯಾಣದ ದಿನ ಯಾರಿಗೂ ಹೇಳದೆ ಅದನ್ನು ಬಿಟ್ಟುಬಿಡುತ್ತಾರೆ. ಎರಡು ಮೂರು ದಿನ ಹೀಗಾದರೆ ಕಾಲು ಊದಿ ಉಬ್ಬಸ ಬರುವುದುಂಟು. ಇನ್ನು ಕೆಲವರು ಮಾತ್ರೆ ನುಂಗಿ ನೀರು ಬಿಡುತ್ತಾರೆ. ಅದು ಬಿಸಿಲಿನಲ್ಲಿ ಇನ್ನೂ ಅಪಾಯಕರ, ನಿಂತಲ್ಲೇ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿದರೆ ಮಾತ್ರೆಯ ವೇಳೆಯನ್ನು ಬದಲಿಸಿ ಕೊಡುತ್ತಾರೆ. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದು ನೀರಿಗೇ ಮಿತಿ ಹಾಕಿಸಿಕೊಂಡವರಂತೂ ಕೇಳದೆ ಹೊರಡಬಾರದು.

ಎಷ್ಟು ನೀರು ಕುಡಿಯಬೇಕೆಂಬುದಕ್ಕೆ ಲೀಟರಿನ ಲೆಕ್ಕ ಹಿಡಿಯುವುದು ಕಷ್ಟ. ಮೂತ್ರದ ಬಣ್ಣ ನೋಡಿಕೊಳ್ಳುವುದು ಸುಲಭ. ತಿಳಿ ಲಿಂಬೆರಸದಂತಿದ್ದರೆ ಸರಿ, ಕಡಕ್‌ ಚಹಾದ ಬಣ್ಣಕ್ಕೆ ತಿರುಗಿದರೆ ನೀರು ಸಾಲದು. ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವಂತಿರಬೇಕು. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಮಾತನಾಡುವುದು ಅಸಭ್ಯವೆಂದು ತಿಳಿಯುವವರಿದ್ದಾರೆ. ಗಾಡಿಯ ಎಣ್ಣೆ, ಟೈರಿನ ಗಾಳಿಯ ಬಗ್ಗೆ ಅಷ್ಟೊಂದು ಚರ್ಚಿಸುವ ಯಜಮಾನರು ಇದನ್ನೂ ಒಂದು ಮಾತು ಕೇಳಿದರೆ ತಪ್ಪಿಲ್ಲ. ಇನ್ನೂ ಒಳ್ಳೆಯದೆಂದರೆ, ಯಾರೂ ಕೇಳದೆಯೇ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಬೇಕೆಂದು ಹೊರಡುವಾಗಲೇ ಗೊತ್ತುಮಾಡಿಕೊಳ್ಳುವುದು. ಆಗ ನಿಲ್ಲಿಸಲು ಕೇಳುವ ಸಂಕೋಚ ಹೆಂಗಸರ ಮೇಲೆ ಬೀಳುವುದಿಲ್ಲ. ಮುಟ್ಟಿನ ದಿನಗಳಲ್ಲಿರುವ ಹುಡುಗಿಗಂತೂ ಈ ನಿಲುಗಡೆ ಬೇಕೇಬೇಕು. ಅವಳು ತಂದೆಯನ್ನು ಕೇಳುವುದಿಲ್ಲ, ಚಿಕ್ಕಪ್ಪನನ್ನು ಕೇಳುವುದಿಲ್ಲ, ಸುಮ್ಮನೆ ಕುಳಿತಿರುತ್ತಾಳೆ.

ಪೆಟ್ರೋಲ್‌ ಬಂಕುಗಳಲ್ಲಿ ಕುಡಿಯುವ ನೀರು, ಶೌಚಾಲಯ ಇರಬೇಕೆಂದು ತೈಲ ಕಂಪನಿಗಳ ನಿಯಮವೇ ಇದೆ. ಅನೇಕ ಕಡೆ ಶೌಚಾಲಯವೇನೋ ಇರುತ್ತದೆ, ಅದಕ್ಕೆ ಬೀಗವೂ ಇರುತ್ತದೆ. ಎಣ್ಣೆ ಹಾಕಿಸಿ ದುಡ್ಡು ಕೊಟ್ಟ ಮೇಲೆ ಕೀಲಿಕೈ ಕೇಳಿದರೆ ‘ನೀರಿಲ್ಲ, ಕೆಟ್ಟಿದೆ’ ಎಂಬ ಉತ್ತರ ಬರುತ್ತದೆ. ಎಣ್ಣೆ ಹಾಕಿಸುವ ಮೊದಲೇ ಕೇಳಿ, ಒಳಗೆ ನೋಡಿ ಬರಲಿ, ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಈ ಒಂದು ಪಾಠವನ್ನು ಗಿರಾಕಿಗಳೆಲ್ಲ ಕಲಿಸಿದರೆ ಹೆದ್ದಾರಿಯ ಬೀಗಗಳು ತಾವಾಗಿ ತೆರೆದುಕೊಳ್ಳುತ್ತವೆಂದು ನನಗೆ ನಂಬಿಕೆ. ಪ್ರವಾಸಿ ತಾಣಗಳ ವಿಷಯದಲ್ಲಿ ಗಿರಾಕಿಯ ಬಲ ಸಾಲದು. ದೀಪಾಲಂಕಾರಕ್ಕೆ, ಸ್ವಾಗತ ಕಮಾನಿಗೆ ಹಣ ಒದಗಿಸುವವರು ನೀರಿರುವ, ಚಿಲಕ ಬೀಳುವ ಹೆಂಗಸರ ಶೌಚಾಲಯವನ್ನು ಮೊದಲು ಕಟ್ಟಬೇಕು. ಕಟ್ಟಿದ್ದನ್ನು ದಿನಕ್ಕೆರಡು ಸಲ ತೊಳೆಯುವವರಿಗೆ ಸಂಬಳವನ್ನೂ ಕೊಡಬೇಕು.

<b>ಹೊತ್ತು ಇಳಿದ ಮೇಲೆ ಹೊರಡಿ</b>

ಅಂಥ ಶೌಚಾಲಯಗಳು ಆಗುವವರೆಗೆ ನಮಗೆ ಇರುವುದು ನೆಂಟರ ಮನೆ. ಅಲ್ಲಿ ನೆರಳಿದೆ, ನೀರಿದೆ, ಸಂಕೋಚವಿಲ್ಲದೆ ಹೋಗಬಹುದಾದ ಬಚ್ಚಲಿದೆ, ಸೊಂಟ ಚಾಚಲು ಜಮಖಾನೆ ಇದೆ. ಹಳೆಯ ಮನೆಯಾದರೆ ದಪ್ಪ ಗೋಡೆ, ಮಣ್ಣಿನ ಮಾಳಿಗೆಯ ತಂಪೂ ಇದೆ. ಬಾಗಿಲಲ್ಲಿ ಕಾಲಿಟ್ಟೊಡನೆ, ‘ಬಿಸಲಾಗ ಬಂದೀರಿ, ಮೊದಲ ಕೈಕಾಲಿಗೆ ನೀರ ತಗೋರಿ’ ಎಂದು ಬಕೆಟು ತೋರಿಸುತ್ತಾರೆ. ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ಮುಂದಿಡುತ್ತಾರೆ. ಮುಖ, ಕೈ, ಕಾಲಿಗೆ ನೀರು ಹಾಕಿಕೊಂಡು ಗಾಳಿಗೆ ಕುಳಿತರೆ ಚರ್ಮದ ಮೇಲಿನ ನೀರು ಆರುವಾಗ ಮೈಯ ಬಿಸಿಯನ್ನು ಕೊಂಡೊಯ್ಯುತ್ತದೆ. ಬಿಸಿಲಿನಿಂದ ಬಳಲಿದವರಿಗೆ ವೈದ್ಯರು ಮೊದಲು ಮಾಡಿಸುವುದೂ ಇದನ್ನೇ.

ಆದ್ದರಿಂದ ಪ್ರವಾಸದ ದಿನವನ್ನು ಮೂರು ಪಾಲು ಮಾಡಿಕೊಳ್ಳಿ. ಹಿಂದಿನ ರಾತ್ರಿಯೇ ಹೊರ್ತಿಗೆ ಬಂದು ಮಲಗಿದವರು ನಸುಕಿನಲ್ಲಿ ಎದ್ದು ಹೊರಟರೆ ಒಂದು ಗಂಟೆಯೊಳಗೆ ವಿಜಯಪುರ ತಲುಪಬಹುದು. 1656ರಲ್ಲಿ ತೀರಿಕೊಂಡ ಮಹಮ್ಮದ್‌ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟಕ್ಕೆ ಬೆಳಗಿನ ಹೊತ್ತೇ ಯೋಗ್ಯ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಸುರುಳಿ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ ಮೇಲಿನ ಗ್ಯಾಲರಿ ಮುಟ್ಟಬೇಕು. ಮೊಣಕಾಲು ನೋವಿನವರು, ಎದೆನೋವಿನವರು ಕೆಳಗೇ ಕುಳಿತು ಗುಮ್ಮಟ ನೋಡಿದರೆ ಏನೂ ಕಳೆದುಕೊಳ್ಳುವುದಿಲ್ಲ. ಮೇಲೆ ಹೋದವರಿಗೂ ಬೆಳಿಗ್ಗೆ ಬೇಗ ಹೋದರಷ್ಟೇ ಅಲ್ಲಿಯ ಪಿಸುಮಾತು ಕೇಳುತ್ತದೆ. ಜನ ಸೇರಿದ ಮೇಲೆ ಕೇಳುವುದು ಕೂಗಾಟ ಮಾತ್ರ. ಇಬ್ರಾಹಿಂ ರೋಜಾ, ಬಾರಾ ಕಮಾನುಗಳನ್ನೂ ಮುಗಿಸಿ ಹತ್ತು, ಹತ್ತೂವರೆಗೆ ನಗರ ಬಿಟ್ಟುಬಿಡಿ. ಹನ್ನೊಂದರಿಂದ ನಾಲ್ಕರವರೆಗೆ ಮಾವನ ಮನೆ. ಊಟ, ನಿದ್ದೆ, ಮಾತು, ಮಕ್ಕಳಿಗೆ ಚೌಕಾಬಾರ. ಸಂಜೆ ಬೇಕಾದರೆ ಊರ ಗುಡಿಗೋ ಹತ್ತಿರದ ತೋಟಕ್ಕೋ ಹೋಗಬಹುದು.

ಈ ಭಾಗದ ಬೀಗತನ ಒಂದೇ ಊರಿನಲ್ಲಿ ನಿಲ್ಲುವಂಥದಲ್ಲ. ಇಂಡಿಯ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿರುತ್ತಾರೆ, ಸಿಂದಗಿಯಿಂದ ಸೊಸೆ ತಂದಿರುತ್ತಾರೆ, ಬಾಗೇವಾಡಿಯಲ್ಲಿ ದೊಡ್ಡಪ್ಪನ ಬೀಗರು ಇರುತ್ತಾರೆ. ಎರಡನೆಯ ದಿನ ಬಸವಣ್ಣನವರು ಹುಟ್ಟಿದ ಬಾಗೇವಾಡಿಯನ್ನು ಬೆಳಿಗ್ಗೆ ನೋಡಿ, ನಡುಹಗಲು ಮುದ್ದೇಬಿಹಾಳದ ಅಕ್ಕನ ಮನೆಯಲ್ಲಿ ಕಳೆದು, ಬಿಸಿಲು ಇಳಿದ ಮೇಲೆ ಆಲಮಟ್ಟಿ ಅಣೆಕಟ್ಟು, ಉದ್ಯಾನಗಳಿಗೆ ಹೋದರೆ ಯಾರೂ ಬಾಡುವುದಿಲ್ಲ. ಕೃಷ್ಣಾ, ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನು ಮೂರನೆಯ ದಿನದ ಬೆಳಗಿಗೆ ಇಟ್ಟುಕೊಳ್ಳಿ. ನೆಂಟರಿಲ್ಲದ ಊರಿನಲ್ಲಿ ನಾಲ್ಕು ತಾಸಿಗಾದರೂ ಒಂದು ಕೋಣೆ ಹಿಡಿಯುವುದು ದಂಡವಲ್ಲ. ನಾಲ್ಕು ಸ್ಥಳಗಳ ಬದಲು ಎರಡು ಸ್ಥಳ ನೋಡಿದಂತಾಗುತ್ತದೆಂದು ಮಕ್ಕಳು ಮುನಿಯಬಹುದು. ಕಾರಿನಲ್ಲಿ ವಾಂತಿ ಮಾಡಿಕೊಳ್ಳುತ್ತ ನೋಡಿದ ನಾಲ್ಕು ಸ್ಥಳಗಳು ಅವರಿಗೂ ನೆನಪಿರುವುದಿಲ್ಲ.

ದೇವಾಲಯಗಳ ಅಂಗಳದ ಬಗ್ಗೆ ಒಂದು ಎಚ್ಚರಿಕೆ. ಮಧ್ಯಾಹ್ನ ಅಲ್ಲಿಯ ಕಲ್ಲುಹಾಸು ಕಾದ ಹಂಚಿನಂತಿರುತ್ತದೆ. ಎಳೆಯರು ಹಾರಿಕೊಂಡು ಓಡುತ್ತಾರೆ. ಹತ್ತಾರು ವರ್ಷ ಸಕ್ಕರೆ ಕಾಯಿಲೆ ಇರುವವರ ಪಾದದ ನರಗಳು ಮಂದವಾಗಿರುವುದರಿಂದ ಅವರಿಗೆ ಸುಡುವುದೇ ಗೊತ್ತಾಗುವುದಿಲ್ಲ. ನಿಧಾನವಾಗಿ ನಡೆದು ಬರುತ್ತಾರೆ, ರಾತ್ರಿ ನೋಡಿದರೆ ಅಂಗಾಲಿನಲ್ಲಿ ಬೊಬ್ಬೆ. ಅದು ಹುಣ್ಣಾಗಿ, ಕೊಳೆತು, ಬೆರಳು ತೆಗೆಯಬೇಕಾದ ಸ್ಥಿತಿಗೂ ಹೋಗಬಹುದು. ಅವರು ದರ್ಶನವನ್ನು ಬೆಳಿಗ್ಗೆಯೇ ಮುಗಿಸಲಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಲಿ, ರಾತ್ರಿ ಮಲಗುವ ಮುನ್ನ ಮನೆಯವರು ಯಾರಾದರೂ ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಲಿ.

<b>ಉಪಚಾರದ ಅತಿರೇಕ</b>

ನೆಂಟರ ಮನೆಯಲ್ಲಿ ಅಪಾಯವೇ ಇಲ್ಲವೆಂದಲ್ಲ. ಉತ್ತರ ಕರ್ನಾಟಕದ ಆದರ ಬಲ್ಲವರೇ ಬಲ್ಲರು. ಹೋಳಿಗೆ, ಮಾವಿನ ಹಣ್ಣಿನ ಶೀಕರಣೆ, ಮೇಲೆ ತುಪ್ಪ. ‘ಒಂದ ದಿನಕ್ಕ ಏನ ಆಗತೈತಿ, ತಿನ್ರಿ’ ಎಂಬ ಒತ್ತಾಯ. ಸಕ್ಕರೆ ಕಾಯಿಲೆಯವರು ಒಂದು ಹೋಳಿಗೆ ತಿಂದದ್ದಕ್ಕಿಂತ ಹೆಚ್ಚಿನ ಅಪಾಯ ಬೇರೆ ಕಡೆ ಇದೆ. ಬೆಳಿಗ್ಗೆ ಮಾತ್ರೆ ನುಂಗಿ ಅಥವಾ ಇನ್ಸುಲಿನ್‌ ಚುಚ್ಚಿಕೊಂಡು ಹೊರಟಿರುತ್ತಾರೆ. ‘ಊಟ ಅಲ್ಲೇ’ ಎಂದು ದಾರಿಯಲ್ಲಿ ಏನನ್ನೂ ತಿನ್ನುವುದಿಲ್ಲ. ನೆಂಟರು ಇವರು ಬಂದ ಮೇಲೆ ಬಿಸಿಬಿಸಿ ಮಾಡಿ ಬಡಿಸಬೇಕೆಂದು ಕಾಯುತ್ತಿರುತ್ತಾರೆ. ಊಟವಾಗುವಾಗ ಮೂರು ಗಂಟೆ. ಅಷ್ಟರಲ್ಲಿ ಕೈ ನಡುಕ, ತಣ್ಣನೆಯ ಬೆವರು, ತಲೆ ಗಿಮ್ಮೆನ್ನುವುದು, ಮಾತು ತೊದಲುವುದು ಕಾಣಿಸಿದರೆ ಅದು ರಕ್ತದಲ್ಲಿ ಸಕ್ಕರೆ ಇಳಿದ ಲಕ್ಷಣ. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕೊಡಬೇಕು, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು, ಆಮೇಲೆ ಊಟ. ಬಿಸಿಲಿನಿಂದ ಸುಸ್ತಾಗಿದೆ ಎಂದು ಮಲಗಿಸಿಬಿಟ್ಟರೆ ಕೆಟ್ಟಿತು. ಆದ್ದರಿಂದ ಅಂಥವರ ಕೈಚೀಲದಲ್ಲಿ ಎರಡು ರೊಟ್ಟಿ, ಸ್ವಲ್ಪ ಬೆಲ್ಲ ಸದಾ ಇರಲಿ. ಊಟದ ವೇಳೆಯನ್ನು ಹಿಂದಿನ ದಿನವೇ ಫೋನು ಮಾಡಿ ತಿಳಿಸಲು ನಾಚಿಕೊಳ್ಳಬೇಡಿ. ಇನ್ಸುಲಿನ್ನನ್ನು ನಿಂತ ಕಾರಿನೊಳಗೆ ಬಿಡಬಾರದು. ಊರಿನಲ್ಲಿ ಫ್ರಿಜ್‌ ಇಲ್ಲದಿದ್ದರೆ ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಪ್ಲಾಸ್ಟಿಕ್‌ ಡಬ್ಬಿಯೊಳಗೆ ಇಟ್ಟರೂ ಸಾಕಷ್ಟು ತಂಪಾಗಿರುತ್ತದೆ. ಬರ್ಫಕ್ಕೆ ತಾಗಿಸಿ ಇಡುವುದು ತಪ್ಪು, ಹೆಪ್ಪುಗಟ್ಟಿದ ಇನ್ಸುಲಿನ್‌ ಕೆಲಸ ಮಾಡುವುದಿಲ್ಲ.

ಆ ಹೋಳಿಗೆ ಮಾಡುವವರ ಸ್ಥಿತಿಯನ್ನೂ ನೋಡಿ. ಹೊರಗೆ ನಲವತ್ತು ಡಿಗ್ರಿ ಇರುವಾಗ, ಒಲೆಯ ಮುಂದೆ ಎರಡು ತಾಸು ನಿಂತು ಎಂಟು ಮಂದಿಗೆ ಹೋಳಿಗೆ ಬೇಯಿಸುವ ವೈನಿಯೂ ಬಿಸಿಲಿಗೆ ಗುರಿಯಾದವರೇ. ನೆಂಟರು ಉಣ್ಣುವವರೆಗೆ ಅವರು ನೀರನ್ನೂ ಕುಡಿದಿರುವುದಿಲ್ಲ. ‘ರೊಟ್ಟಿ, ಹಿಂಡಿ, ಮಜ್ಜಿಗೆ ಸಾಕು, ನಾವು ಮನೆಯವರೇ’ ಎಂದು ಮೊದಲೇ ಹೇಳಿ, ಹೋದ ಮೇಲೆ ಅಡುಗೆಮನೆಯಲ್ಲಿ ಕೈ ಜೋಡಿಸಿ. ಇಂಡಿ ತಾಲೂಕು ಬರಕ್ಕೆ ಹೆಸರಾದ ಸೀಮೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಲಿಂಬೆ ಗಿಡಗಳನ್ನು ಟ್ಯಾಂಕರ್‌ ನೀರು ಹಾಕಿ ಉಳಿಸಿಕೊಂಡವರು ಇಲ್ಲಿಯ ರೈತರು. ಅಂಥ ಊರಿಗೆ ಹೋಗಿ ದಿನಕ್ಕೆರಡು ಸಲ ಸ್ನಾನ ಮಾಡುವ ನೆಂಟರನ್ನು ಯಾರೂ ಏನೂ ಅನ್ನುವುದಿಲ್ಲ, ಬಕೆಟುಗಳ ಲೆಕ್ಕವನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ತುಂಬಿಟ್ಟ ನೀರನ್ನು ಕುಡಿಯುವ ಮುನ್ನ ಕುದಿಸಿ ಆರಿಸುವುದು ಕ್ಷೇಮ. ಅಲ್ಲಿಯವರಿಗೆ ಏನೂ ಆಗದಿರುವ ನೀರು ನಿಮ್ಮ ಮಗುವಿಗೆ ಭೇದಿ ತರಬಹುದು. ‘ನಿಮ್ಮ ನೀರು ಸರಿಯಿಲ್ಲ’ ಎಂದು ಹೇಳದೆ, ‘ಮಗುವಿಗೆ ಬಿಸಿನೀರು ರೂಢಿ’ ಎಂದರೆ ಯಾರ ಮನಸ್ಸೂ ನೋಯುವುದಿಲ್ಲ.

ಬುತ್ತಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಟಿ ರೊಟ್ಟಿ, ಶೇಂಗಾ ಹಿಂಡಿ ನೀರಿನಂಶವಿಲ್ಲದ ಪದಾರ್ಥಗಳಾದ್ದರಿಂದ ದಿನಗಟ್ಟಲೆ ಕೆಡವು. ಬೆಳಿಗ್ಗೆ ಕಟ್ಟಿದ ಚಿತ್ರಾನ್ನವನ್ನು ಬಿಸಿ ಕಾರಿನಲ್ಲಿಟ್ಟು ಮಧ್ಯಾಹ್ನದ ಮೇಲೆ ತಿನ್ನಬೇಡಿ. ಅನ್ನದಲ್ಲಿ ಬೆಳೆದ ಕೆಲವು ರೋಗಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದಾರಿಯಲ್ಲಿ ಕೊಯ್ದಿಟ್ಟ ಕಲ್ಲಂಗಡಿ, ಬರ್ಫ ಹಾಕಿದ ಕಬ್ಬಿನ ಹಾಲು ಬೇಡ. ಎಳನೀರು, ನೀವೇ ಸುಲಿದ ಬಾಳೆಹಣ್ಣಿಗೆ ಭಯವಿಲ್ಲ.

<b>ಪೊಟ್ಟಣ ಮತ್ತು ಪಟ್ಟಿ</b>

ಭೇದಿ ಆರಂಭವಾದರೆ ಓಆರ್‌ಎಸ್‌ ಪುಡಿಯ ಪೊಟ್ಟಣವನ್ನು ಅದರ ಮೇಲೆ ಬರೆದ ಅಳತೆಯ ನೀರಿಗೇ ಕರಗಿಸಬೇಕು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರು. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಣ್ಣ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡನ್ನೂ ತಲೆ ಸವರಿ ಅಳೆಯಬೇಕು. ರುಚಿಗೆ ಇಂಡಿಯ ಲಿಂಬೆ ಹಿಂಡಿಕೊಳ್ಳಬಹುದು, ಉಪ್ಪು ಹೆಚ್ಚು ಮಾಡಬಾರದು. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರಲ್ಲಿ ಕಾಲರಾ ಹರಡಿದಾಗ, ಬನಗಾಂವ್‌ ಶಿಬಿರದಲ್ಲಿ ಡಾ. ದಿಲೀಪ್‌ ಮಹಲನಬಿಸ್‌ ಅವರು ಸಲೈನ್‌ ಬಾಟಲಿಗಳು ಸಾಲದೆ ಇಂಥದೇ ನೀರನ್ನು ಡ್ರಮ್ಮುಗಳಲ್ಲಿ ಬೆರೆಸಿ ಕುಡಿಸಿದರು. ಸಾವಿನ ಪ್ರಮಾಣ ಬಹಳಷ್ಟು ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯದ ಡಬ್ಬಿಗಳು ಇದಕ್ಕೆ ಸಮವಲ್ಲ. ನಿಗದಿತ ಸೂತ್ರಕ್ಕೆ ಹೊಂದದ ಪಾನೀಯಗಳು ಓಆರ್‌ಎಸ್‌ ಎಂಬ ಹೆಸರು ಹಾಕಿಕೊಳ್ಳಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಬೇಕಾಯಿತು.

ಬಿಸಿಲಿನ ಹೊಡೆತ ಬೇರೆಯೇ ಸಂಗತಿ. ಸುಸ್ತು, ತಲೆನೋವು, ವಾಕರಿಕೆ, ಮೀನಖಂಡದ ಸೆಳೆತ ಇವು ಮೊದಲ ಸೂಚನೆ. ನೆರಳು, ನೀರು, ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತವೆ. ಮನುಷ್ಯ ಅಸಂಬದ್ಧ ಮಾತನಾಡತೊಡಗಿದರೆ, ತೂಗಾಡಿದರೆ, ಮಂಪರಾದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಪ್ರಾಣಾಪಾಯ. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್‌ ದಾಟಿರುತ್ತದೆ. ಒಬ್ಬರು 108ಕ್ಕೆ ಫೋನು ಮಾಡಲಿ. ಉಳಿದವರು ಆಂಬ್ಯುಲೆನ್ಸಿಗೆ ಕಾಯದೆ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆಯ ಒದ್ದೆ ಬಟ್ಟೆ ಇಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಇದಕ್ಕೆ ನಾಟುವುದಿಲ್ಲ. ಉಳ್ಳಾಗಡ್ಡಿ ತಿಕ್ಕುವುದರಿಂದ ಕೆಡುಕೇನೂ ಇಲ್ಲ, ಆದರೆ ಅದನ್ನು ಹುಡುಕುತ್ತ ಹತ್ತು ನಿಮಿಷ ಕಳೆಯಬಾರದು. ಇಂಡಿಯಲ್ಲಿ ತಾಲೂಕು ಆಸ್ಪತ್ರೆ, ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಮೈ ತಣಿಸುತ್ತಲೇ ಕರೆದೊಯ್ಯಬೇಕು.

ನಿದ್ದೆ ಬಂದಿದೆಯೆಂದು ಮಗುವನ್ನು ನಿಂತ ಕಾರಿನಲ್ಲಿ ಬಿಟ್ಟು ಹೋಗುವುದಂತೂ ಎಂದೂ ಬೇಡ. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಬಿಸಿ ಏರುತ್ತದೆ. ಗಾಜನ್ನು ಎರಡು ಬೆರಳು ಇಳಿಸಿಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳುವ ಚಟವನ್ನೂ ಬಿಡಬೇಕು. ಅಪಘಾತದ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಆ ಮಗುವನ್ನು ಹಿಡಿದಿಡುವ ಬಲವಿರುವುದಿಲ್ಲ. ಉಬ್ಬುವ ಗಾಳಿಚೀಲವೇ ಮಗುವಿಗೆ ಮಾರಕವಾಗಬಹುದು. ಹಿಂದಿನ ಸೀಟಿನವರೂ ಬೆಲ್ಟ್‌ ಪಟ್ಟಿ ಹಾಕಿಕೊಳ್ಳಬೇಕೆಂದು ಕಾನೂನೇ ಇದೆ. ಹಾಕಿಕೊಳ್ಳುವವರು ಎಷ್ಟು ಮಂದಿ ಎಂಬುದನ್ನು ನಿಮ್ಮ ಗಾಡಿಯಲ್ಲೇ ಎಣಿಸಿ ನೋಡಿ.

ಬೆಂಗಳೂರಿಗೂ ವಿಜಯಪುರಕ್ಕೂ ಐನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಬಿಸಿಲು ತಪ್ಪಿಸಲೆಂದು ಹಗಲಿಡೀ ದುಡಿದು ರಾತ್ರಿ ಹತ್ತಕ್ಕೆ ಹೊರಡುವವರು ಬೇರೊಂದು ಅಪಾಯವನ್ನು ಕರೆದುಕೊಳ್ಳುತ್ತಾರೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಯಾವ ಚಾಲಕನಿಗೂ ನಿದ್ದೆ ಒತ್ತಿ ಬರುವ ಹೊತ್ತು. ಮಧ್ಯಾಹ್ನ ಊಟದ ನಂತರ ಅದೇ ಮಂಪರು ಇನ್ನೊಮ್ಮೆ. ಚಹಾ, ಹಾಡು, ತೆರೆದ ಕಿಟಕಿ ಯಾವುದೂ ನಿದ್ದೆಗೆ ಬದಲಲ್ಲ. ಚಿತ್ರದುರ್ಗದಲ್ಲೋ ಹೊಸಪೇಟೆಯಲ್ಲೋ ರಾತ್ರಿ ತಂಗಿ ಮುಂದೆ ಹೋಗಬೇಕು. ಮರಳುವಾಗಲೂ ಅಷ್ಟೆ. ಸಂಜೆ ಹೊರಡುತ್ತೇವೆಂದು ಚೀಲ ಕಟ್ಟಿದಾಗ ಹೊರ್ತಿಯ ಅತ್ತೆ, ‘ಈ ರಾತ್ರ್ಯಾಗ ಎಲ್ಲಿಗ ಹೊಂಟೀರಿ? ಉಂಡು ಮಲಗಿ ನಸುಕಿನ್ಯಾಗ ಹೋಗೀರಂತ’ ಎನ್ನುತ್ತಾರೆ. ಅವರ ಮಾತು ಕೇಳಿ. ಗಾಡಿ ನಡೆಸುವವರನ್ನು ಒಂಬತ್ತಕ್ಕೇ ಮಾಳಿಗೆಯ ಮೇಲೆ ಮಲಗಲು ಕಳುಹಿಸಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಹೆಂಗಸರು ಬಚ್ಚಲಿಗೆ ಹೋಗಿ ಬರುವವರೆಗೆ ಗಾಡಿಯ ಹಾರ್ನ್‌ ಬಾರಿಸದೆ ಕಾಯಿರಿ.